ಮುಳ್ಳು ಉಜ್ಜದ ಶಂಖ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನ ಒಂದು ಮುತ್ತು, ತಲೆಗೊಂದು ಮೊಟಕು.

ಅಮ್ಮ ಇದ್ದಾಳೋ ಇಲ್ಲವೋ ಎಂದು ಬೈದುಕೊಂಡಿರುತ್ತೀಯ. ಗಟ್ಟಿಮುಟ್ಟಾಗಿದ್ದೇನೆ. ಉತ್ತರ ತಡವಾದದ್ದಕ್ಕೆ ಬೆರಳಿನ ಗಾಯ ಕಾರಣ ಎಂದಿಟ್ಟುಕೋ. ಸಿಟ್ಟು ಇಳಿಯಲಿ ಎಂದು ಕಾದೆ ಎಂದರೂ ಸುಳ್ಳಲ್ಲ. ಇಳಿಯಲಿಲ್ಲ.

ತೊಟ್ಟಿ ತೊಳೆಯುವಾಗ ಗಾಯ ಮಾಡಿದ್ದು ನಮ್ಮ ಅಕ್ವೇರಿಯಂನ ಹೊಸ ಅತಿಥಿ, ಮುಳ್ಳುಶಂಖ. ಕಡಲ ಬಸವನಹುಳುವೇ, ಆದರೆ ಚಿಪ್ಪಿನ ತುಂಬ ಬಾಚಣಿಗೆಯ ಹಲ್ಲಿನಂಥ ಮುಳ್ಳು. ನೋಡಲು ಸೋಮಾರಿ. ಕಪ್ಪೆಚಿಪ್ಪು ಹಾಕಿದರೆ ಮಾತ್ರ ಅಪ್ಪಿಕೊಂಡು ಕೂತು, ನಿಧಾನವಾಗಿ ಅದರ ಬಾಯಿ ಬಿಡಿಸಿ, ಒಳಗಿದ್ದದ್ದನ್ನೆಲ್ಲ ಖಾಲಿ ಮಾಡುತ್ತದೆ. ನನಗಂತೂ ಅದರ ಮೇಲೆ ಜೀವ.

ಮಕ್ಕಳು ಕೈಯಿಟ್ಟು ಮುಟ್ಟುವ ತೊಟ್ಟಿಗೆ ಅದನ್ನು ಬಿಡಬೇಕೆಂದು ಮ್ಯಾನೇಜರ್‌ಗೆ ಆಸೆ. ಕಬ್ಬಿಣ ಉಜ್ಜುವ ಅರ ತಂದು ನನ್ನ ಕೈಗಿಟ್ಟರು. "ಮುಳ್ಳು ಸ್ವಲ್ಪ ಉಜ್ಜಿಬಿಡಮ್ಮ, ಯಾರಿಗೂ ಚುಚ್ಚಬಾರದು."

"ಉಜ್ಜೋದಾದ್ರೆ ನಿಮ್ಮ ಹಲ್ಲುಜ್ಜಿಕೊಳ್ಳಿ ಸಾರ್. ಅದರ ಮುಳ್ಳಿಗೆ ಕೈ ಹಾಕಿದ್ರೆ ನಾಳೆಯಿಂದ ತೊಟ್ಟಿ ನೀವೇ ತೊಳೀರಿ" ಎಂದೆ. ಹುಳ್ಳಗೆ ನಕ್ಕು, ಅರ ಎತ್ತಿಕೊಂಡು ಹೋದರು. ಬೆಳೆಯುವಾಗ ದಾರಿಗೆ ಅಡ್ಡ ಬಂದ ಮುಳ್ಳನ್ನು ಅದು ತಾನೇ ಕರಗಿಸಿಕೊಳ್ಳುತ್ತದೆ ಕಣೇ. ತನಗೆ ಬೇಕಾದಾಗ, ಕಂಡವರಿಗೆ ಬೇಕಾದಾಗ ಅಲ್ಲ.

ಈಗ ನಿನ್ನ ವಿಷಯ. ಫೋನಿನಲ್ಲಿ ಅಂದೆಯಲ್ಲ, "ಅಮ್ಮಾ, ನಮ್ಮತ್ತೆ ಆಗೋರು ಹೇಳ್ತಿದ್ರು, ನನ್ನ ಮದುವೆ ದಿನ ನೀನು ಹಿಂದಿನ ಸಾಲಲ್ಲಿ ಕೂತ್ಕೋಬೇಕಂತೆ, ಜಾಸ್ತಿ ಮಾತಾಡಬಾರದಂತೆ" ಎಂದು. ಆಗುವುದಿಲ್ಲ. ನಿನ್ನಪ್ಪ ಬಿಟ್ಟುಹೋದಾಗ ಮನೆ ಮಾಲೀಕನ ಬಾಯಿ ಮುಚ್ಚಿಸಿದ್ದು ಇದೇ ನಾಲಿಗೆ. ನಿನ್ನನ್ನು ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದವರ ಬಾಗಿಲಲ್ಲಿ ಕದಲದೆ ಕೂತವಳೂ ನಾನೇ. ಮೊದಲ ಸಾಲಿನಲ್ಲೇ ಕೂರುತ್ತೇನೆ. ನಗು ಬಂದರೆ ಗಟ್ಟಿಯಾಗಿ ನಗುತ್ತೇನೆ. ಊಟಕ್ಕೆ ಉಪ್ಪು ಕಡಿಮೆಯಾದರೆ ಅದನ್ನೂ ಹೇಳುತ್ತೇನೆ.

ಮದುವೆಯ ಗಡಿಬಿಡಿಯಲ್ಲಿ ನಿದ್ದೆ ಕೆಡಬೇಡ. ನೂರು ಕಾಲ ಬಾಳು. ಬಾಳುವಷ್ಟು ಕಾಲ ಯಾರಿಗೂ ತಲೆ ತಗ್ಗಿಸಬೇಡ.

ನಿನ್ನ
ಅಮ್ಮ

ಇದೊಂದು ಉಳಿದಿತ್ತು: ನಿನ್ನೆ ನಿನ್ನ ಅತ್ತೆಯಾಗುವವರು ಅಕ್ವೇರಿಯಂಗೇ ಬಂದಿದ್ದರು. ನನ್ನ ಒದ್ದೆ ಕೈ ಹಿಡಿದುಕೊಂಡು, "ಮದುವೆ ದಿನ ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನೀವು ಮಾತಾಡ್ತಾ ಇದ್ರೆ ನಂಗೊಂದು ಧೈರ್ಯ" ಎಂದರು. ಹಿಂದಿನ ಸಾಲಿನ ಮಾತು ಅವರಿಗೆ ಗೊತ್ತೇ ಇಲ್ಲ ಪುಟ್ಟಿ. ನಾನೂ ಹೇಳಲಿಲ್ಲ. ಅದು ನಿನ್ನದೇ ಮಾತು ಎಂದು ಆಗ ತಿಳಿಯಿತು; ಕೈ ಒರೆಸಿಕೊಂಡು, ಅವರನ್ನು ಮುಳ್ಳುಶಂಖ ತೋರಿಸಲು ಕರೆದೊಯ್ದೆ.