ದಾರಿ ತಪ್ಪಿದ ರಕ್ತನಾಳ

ಅತ್ತೆಯವರಿಗೆ,

ಇಲ್ಲಿ ತವರಿನಲ್ಲಿ ನನಗೆ ಆಪರೇಷನ್ ಆಗಿ ತಿಂಗಳಾಯಿತು. ಹೃದಯದ ಹತ್ತಿರದ ಒಂದು ರಕ್ತನಾಳ ಹುಟ್ಟಿನಿಂದಲೇ ದಾರಿ ತಪ್ಪಿ, ಅನ್ನನಾಳವನ್ನು ಹಿಂದಿನಿಂದ ಒತ್ತುತ್ತಿತ್ತಂತೆ. ಈಗ ತುತ್ತು ಸರಾಗವಾಗಿ ಇಳಿಯುತ್ತಿದೆ.

ಒಂಬತ್ತು ವರ್ಷ ನೀವು ನೆಂಟರೆದುರು, "ನನ್ನ ಕೈ ಅಡುಗೆ ಇವಳ ಗಂಟಲಲ್ಲಿ ಇಳಿಯಲ್ಲ ನೋಡಿ, ಅಷ್ಟು ಕೊಬ್ಬು" ಅನ್ನುತ್ತಿದ್ದಿರಿ. ಎಲ್ಲರೂ ನಗುತ್ತಿದ್ದರು. ನಾನು ಎದ್ದು ಹೋಗಿ ಬಚ್ಚಲಲ್ಲಿ ಕಕ್ಕಿ ಬರುತ್ತಿದ್ದೆ.

ಡಾಕ್ಟರ ವರದಿಯ ಐದು ಪ್ರತಿ ಕಳಿಸಿದ್ದೇನೆ. ನಕ್ಕವರಿಗೆಲ್ಲ ನಿಮ್ಮ ಕೈಯಾರೆ ಕೊಡಿ. ಕೊಟ್ಟಿರೋ ಇಲ್ಲವೋ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುತ್ತೇನೆ.

ನನ್ನನ್ನು ನೋಡಲು ಇಲ್ಲಿಗೆ ಬಂದ ನಿಮ್ಮ ಮಗ ವರದಿಯನ್ನು ಆಗಲೇ ಓದಿದ್ದಾರೆ. ಓದಿ, "ನಾನಿನ್ನು ಆ ಮನೆಗೆ ಹೋಗಲ್ಲ, ಅಮ್ಮನಿಗೆ ಬರೆದುಬಿಡು" ಅಂದರು.

ಅವರ ಬಟ್ಟೆಬರೆ ಒಯ್ಯಲು ಭಾನುವಾರ ನಾನೇ ಬರುತ್ತೇನೆ. ಬಾಗಿಲು ನೀವೇ ತೆಗೆಯಬೇಕು.

ಇಂತಿ,
ನಿಮ್ಮ ಸೊಸೆ