ಟಿಪ್ಟನ್ನೋ ಮಾಬ್ರಿಯೋ

ಸೆಪ್ಟೆಂಬರ್ 5, 1998, ಶನಿವಾರ

ಬೆಳಿಗ್ಗೆ ಕೇಕ್ ಬೇಯಿಸಿದೆ. ಅಡಿ ಸೀದಿತು. ಕೆರೆದು ತೆಗೆದೆ, ಯಾರಿಗೂ ಗೊತ್ತಾಗಲಿಲ್ಲ. ಒಂದು ಗಂಟೆಗೆ ಆಟ, ಚೆಂಡು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್. ದಿಂಬು, ಛತ್ರಿ, ಫ್ಲಾಸ್ಕಿನಲ್ಲಿ ಸಿಹಿ ಚಹಾ. ಯಾವಾಗಿನ ಜಾಗವೇ, ಏಳನೇ ಸಾಲು. ನಮ್ಮ ಕೇನ್ ಬೆಂಡ್ ಕಾಲೇಜು 20, ಅವರು 13. ಚೆನ್ನಾಗಿ ಆಡಿದರು. ಜರ್ಸಿಗಳನ್ನು ಮಾತ್ರ ಈಗ ಯಾರು ಒಗೆಯುತ್ತಾರೋ... ಬಿಳಿ ಹೋಗಿ ಬೂದು ಬಣ್ಣವಾಗಿದೆ. ಮೂವತ್ತೈದು ವರ್ಷ ಈ ತಂಡದ ಬಟ್ಟೆ ಒಗೆದು ಹೊಲಿದವಳ ಕಣ್ಣು, ನಿವೃತ್ತಿಯಾದರೂ ಸುಮ್ಮನಿರುವುದಿಲ್ಲ.

ಮನೆಗೆ ಬಂದರೆ ಕಾಲೇಜಿನಿಂದ ಕಾಗದ. ಮೈದಾನ ದುರಸ್ತಿಯಾಗಿದೆ, ಅದಕ್ಕೆ ನಮ್ಮ ಫುಟ್‌ಬಾಲ್ ಕೋಚ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರ ಹೆಸರು ಇಡಬೇಕಂತೆ. ಅಕ್ಟೋಬರ್ 24ಕ್ಕೆ, ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಬರುವ ದಿನ. ತೀರ್ಮಾನಕ್ಕೆ ಮೂವರ ಸಮಿತಿ. ಡೀನ್ ಪೀಪಲ್ಸ್, ಗಣಿತದ ಹಳೇ ಮೇಷ್ಟ್ರು ಕ್ಲಿಯೋಟಿಸ್ ಬ್ರೂಮ್‌ಫೀಲ್ಡ್, ಮತ್ತೆ... ಶ್ರೀಮತಿ ಲುವಿನಿಯಾ ಟಾರ್ವರ್. ನಾನೇ. ಎರಡು ಸಲ ಓದಿದೆ. ಕನ್ನಡಕ ಒರೆಸಿ ಇನ್ನೊಂದು ಸಲ.

ಇದರಲ್ಲಿ ತೀರ್ಮಾನಿಸಲು ಏನಿದೆ? ಕೋಚ್ ಹೋಸಿಯಾ ಮಾಬ್ರಿ. ಮುಗಿಯಿತು.

ಸೆಪ್ಟೆಂಬರ್ 9, ಬುಧವಾರ

ಮುಗಿದಿಲ್ಲ. ಬ್ರೂಮ್‌ಫೀಲ್ಡ್ ಮೇಷ್ಟ್ರು ಗ್ರಾಫ್ ಹಾಳೆ ಹಿಡಿದು ಬಂದಿದ್ದರು. ಎಪ್ಪತ್ತೆರಡು ವಯಸ್ಸು, ಜೇಬಿನಲ್ಲಿ ಮೂರು ಬಣ್ಣದ ಪೆನ್ಸಿಲ್ಲು.

“ಆಂಬ್ರೋಸ್ ಟಿಪ್ಟನ್. 1926ರಿಂದ 53. ಗೆದ್ದಿದ್ದು ನೂರ ಎಪ್ಪತ್ತೊಂದು, ಸೋತಿದ್ದು ಐವತ್ತೆಂಟು. ಹೋಸಿಯಾ ಮಾಬ್ರಿ. 1956ರಿಂದ 83. ಗೆದ್ದಿದ್ದು ನೂರ ಅರವತ್ತು, ಸೋತಿದ್ದು ನೂರ ನಾಲ್ಕು. ಇನ್ನೇನು ಮಾತಾಡೋದಿದೆ, ಮಿಸ್ ಲುವಿನಿಯಾ?”

“ಟಿಪ್ಟನ್ ಕಾಲದಲ್ಲಿ ಹುಡುಗರು ಚರ್ಮದ ಟೋಪಿ ಹಾಕ್ಕೊಂಡು ಒಬ್ಬರ ಮೇಲೊಬ್ಬರು ಬೀಳ್ತಿದ್ರು, ಅಷ್ಟೇ. ಅದನ್ನ ಆಟ ಅಂತೀರಾ?”

“ನಾನೂ ಬಿದ್ದಿದೀನಿ. ಟಿಪ್ಟನ್ ಹುಡುಗ ನಾನು.”

“ನೀವು ಬಿದ್ದಿದ್ದು ಬೆಂಚಿನ ಮೇಲಿಂದ ಅಂತ ಕೇಳಿದ್ದೆ.”

ಡೀನ್ ಕೆಮ್ಮಿದರು. ಮೂವರೂ ಒಮ್ಮತಕ್ಕೆ ಬರಬೇಕಂತೆ, ಅಕ್ಟೋಬರ್ ಹತ್ತರೊಳಗೆ. ಇಲ್ಲದಿದ್ದರೆ ಟ್ರಸ್ಟಿಗಳು ಪೇಟೆಯ ಯಾವುದೋ ಕಾರು ಮಾರುವವನ ಹೆಸರು ಇಡುತ್ತಾರಂತೆ. ನಮ್ಮ ಹುಡುಗರು ರಕ್ತ ಸುರಿಸಿದ ನೆಲಕ್ಕೆ ಕಾರಿನವನ ಹೆಸರು. ನಾನಿರುವವರೆಗೆ ಆಗದು.

ಸೆಪ್ಟೆಂಬರ್ 12, ಶನಿವಾರ

ಗೆದ್ದೆವು. ಮೇಷ್ಟ್ರು ಏಳನೇ ಸಾಲಿಗೆ ಬಂದು ನನ್ನ ಪಕ್ಕದಲ್ಲೇ ಕೂತರು. ಕರೆದವರಿಲ್ಲ. ಆಟ ಮುಗಿಯುವವರೆಗೆ ಟಿಪ್ಟನ್, ಟಿಪ್ಟನ್. ಕೇಕು ಮಾತ್ರ ಮೂರು ತುಂಡು ತಿಂದರು.

ಹೊರಡುವಾಗ ಒಂದು ವಿಷಯ ಹೇಳಿದರು. 1947. ಮಿಸಿಸಿಪ್ಪಿಗೆ ಆಡಲು ಹೊರಟಿದ್ದರು. ದಾರಿಯಲ್ಲಿ ಒಂದೇ ಒಂದು ಹೋಟೆಲು ಒಳಗೆ ಬಿಡಲಿಲ್ಲ, ಆಗೆಲ್ಲ ನಮ್ಮ ಕಪ್ಪು ಜನರಿಗೆ ಅದೇ ಗತಿ. ಟಿಪ್ಟನ್ ಬಸ್ಸನ್ನು ನೇರ ಕೋರ್ಟಿನ ಎದುರಿನ ಹುಲ್ಲಿನ ಮೇಲೆ ನಿಲ್ಲಿಸಿದರಂತೆ. ಬುಟ್ಟಿಯಿಂದ ಬಿಳಿ ಮೇಜುಬಟ್ಟೆ ತೆಗೆದು ಹಾಸಿದರು. ಕೋಳಿ, ಬನ್ನು, ಒಬ್ಬೊಬ್ಬರಿಗೂ ಇಸ್ತ್ರಿ ಮಾಡಿದ ಕರವಸ್ತ್ರ. ಆ ಊರಿನ ಪೊಲೀಸ್ ಮುಖ್ಯಸ್ಥ, ಬಿಳಿಯ ಷೆರೀಫ್, ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಕೋಚ್ ಎದ್ದು ನಿಂತು ಟೋಪಿ ತೆಗೆದರು. ‘ಸಾರ್, ನಮ್ಮ ಹುಡುಗರು ಪ್ರಾರ್ಥನೆ ಮಾಡ್ತಿದಾರೆ, ತಾವೂ ತಲೆ ಬಾಗಿಸ್ತೀರಾ’ ಅಂದ್ರು. ಅವನು ಬಾಗಿಸಿದ. ಕೋಚ್ ಪ್ರಾರ್ಥನೆಯನ್ನ ಎಳೆದರು ನೋಡಿ, ಹಳೇ ಒಡಂಬಡಿಕೆ ಪೂರ್ತಿ ಬಂತು. ಷೆರೀಫನ ಕಾಲು ಸೋತು ಹೋಯ್ತು, ವಾಪಸ್ ಹೋದ. ಆಮೇಲೆ ನಾವು ಕೋಳಿಗೆ ಕೈ ಹಾಕಿದ್ವಿ.”

ನಕ್ಕೆ. ಅವರೆದುರು ನಗಬಾರದಿತ್ತು.

ಸೆಪ್ಟೆಂಬರ್ 16, ಬುಧವಾರ

ಎರಡನೇ ಸಭೆ. ಈ ಸಲ ನಾನೂ ಕಾಗದ ಒಯ್ದಿದ್ದೆ. ನನ್ನ ಅಳತೆ ಪುಸ್ತಕ. ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಬಂದ ಪ್ರತಿ ಹುಡುಗನ ಎದೆ, ಸೊಂಟ, ತೊಡೆ ಬರೆದುಕೊಳ್ಳುತ್ತಿದ್ದೆ, ಪ್ಯಾಂಟು ಸರಿಮಾಡಲು.

“ಅರವತ್ತೊಂಬತ್ತನೇ ಇಸವಿ ನೋಡಿ ಮೇಷ್ಟ್ರೇ. ಮುಂದಿನ ಸಾಲಿನ ಹುಡುಗರ ಸೊಂಟ ನಲವತ್ತು, ನಲವತ್ತೆರಡು. ಈಗ ಎಪ್ಪತ್ತೈದು ನೋಡಿ. ಮೂವತ್ನಾಲ್ಕು. ಪ್ಯಾಂಟುಗಳನ್ನೆಲ್ಲ ಒಳಗೆ ಮಡಚಿ ಹೊಲಿದು ಹೊಲಿದು ನನ್ನ ಬೆರಳು ತೂತಾಗಿತ್ತು. ಯಾಕೆ ಹೇಳಿ?”

ಮೇಷ್ಟ್ರು ಪುಟ ತಿರುವಿದರು.

“ಬಿಳಿಯರ ದೊಡ್ಡ ಯೂನಿವರ್ಸಿಟಿಗಳು ಅಲ್ಲಿವರೆಗೆ ನಮ್ಮ ಹುಡುಗರನ್ನ ಬಾಗಿಲೊಳಗೆ ಬಿಟ್ಟಿರಲಿಲ್ಲ. ಆಮೇಲೆ ಬಾಗಿಲು ತೆಗೆದ್ರು. ತೆಗೆದದ್ದೇ ಗಟ್ಟಿಗರನ್ನೆಲ್ಲ ಆರಿಸ್ಕೊಂಡು ಹೋದ್ರು. ಟಿಪ್ಟನ್‌ಗೆ ರಾಜ್ಯದಲ್ಲಿದ್ದ ಎಲ್ಲ ಕಪ್ಪು ಹುಡುಗರೂ ಸಿಕ್ತಿದ್ರು. ಮಾಬ್ರಿಗೆ ಉಳಿದವರು.”

“ಈ ಪುಸ್ತಕ ಒಂದು ವಾರ ನನ್ನ ಹತ್ರ ಇರಲಿ” ಎಂದರು. ಮುಖದಲ್ಲಿ ನಗುವಿರಲಿಲ್ಲ.

ಸೆಪ್ಟೆಂಬರ್ 30, ಬುಧವಾರ

ನಗಬೇಕೋ ಅಳಬೇಕೋ. ಮೇಷ್ಟ್ರು ಹದಿನಾಲ್ಕು ದಿನ ಕೂತು ಲೆಕ್ಕ ಹಾಕಿದ್ದಾರೆ. ಎಪ್ಪತ್ತರವರೆಗೆ ಮಾಬ್ರಿ ಗೆದ್ದಿದ್ದು ನೂರ ಹನ್ನೆರಡು, ಸೋತಿದ್ದು ಇಪ್ಪತ್ತೆಂಟು. ನೂರಕ್ಕೆ ಎಂಬತ್ತರ ಲೆಕ್ಕ, ಟಿಪ್ಟನ್ ಕೂಡ ಆ ಪ್ರಮಾಣದಲ್ಲಿ ಗೆದ್ದಿಲ್ಲ. ಮಿಕ್ಕ ಸೋಲೆಲ್ಲ ಆಮೇಲಿನದು. ಮೂವತ್ನಾಲ್ಕು ಇಂಚಿನ ಸೊಂಟದ ಹುಡುಗರನ್ನು ಕಟ್ಟಿಕೊಂಡು ನಲವತ್ತೆಂಟು ಆಟ ಗೆದ್ದದ್ದು, “ಗಣಿತದ ಪ್ರಕಾರ ಪವಾಡ.” ಅವರ ಮತ ಮಾಬ್ರಿಗೆ.

ನನಗೋ, ಹದಿನೆಂಟು ದಿನದಿಂದ ಆ ಬಿಳಿ ಮೇಜುಬಟ್ಟೆ ಕಣ್ಣ ಮುಂದೆಯೇ. ಮಾಬ್ರಿಯ ಹುಡುಗರಿಗೆ ಮುಂದೆ ಹೋಟೆಲಿನಲ್ಲಿ ಊಟ ಸಿಕ್ಕಿತು. ಟಿಪ್ಟನ್‌ಗೆ ಅದೂ ಇರಲಿಲ್ಲ. ಆ ಕಾಲದಲ್ಲಿ ಇಪ್ಪತ್ತೆಂಟು ವರ್ಷ ಹುಡುಗರ ತಲೆ ತಗ್ಗದ ಹಾಗೆ ನೋಡಿಕೊಂಡವರು. ಹೇಳಿಯೇಬಿಟ್ಟೆ, ನನ್ನ ಮತ ಟಿಪ್ಟನ್‌ಗೆ.

ಡೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ಇಬ್ಬರೂ ಮನಸ್ಸು ಬದಲಾಯಿಸಿದೀರಿ. ಆದರೂ ಜಗಳ ಅಲ್ಲೇ ಇದೆ.”

“ಅಲ್ಲಿಲ್ಲ ಡೀನ್,” ಎಂದರು ಮೇಷ್ಟ್ರು. “ಮೇಜಿನ ಆ ಕಡೆ ಇತ್ತು, ಈ ಕಡೆ ಬಂದಿದೆ.”

ಅಕ್ಟೋಬರ್ 7, ಬುಧವಾರ, ಸಂಜೆ

ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯಬೇಕು.

ಮೇಷ್ಟ್ರೂ ನಾನೂ ಕೋಚ್ ಮಾಬ್ರಿ ಮನೆಗೆ ಹೋದೆವು. ಸಮಿತಿಯವರು ಹಾಗೆ ಹೋಗಬಾರದು. ಗೆಣಸಿನ ಪೈ ಕೊಡಲು ಹೋದೆವು ಅಂತ ಇಟ್ಟುಕೊಳ್ಳೋಣ. ಎಂಬತ್ತೆರಡು ವರ್ಷ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾವು ಬಾಯಿ ತೆರೆಯುವ ಮೊದಲೇ...

“ನನ್ನ ಹೆಸರೇ ಇಡಿ. ಟಿಪ್ಟನ್ ಸತ್ತು ಮೂವತ್ತು ವರ್ಷ ಆಯ್ತು, ಅವರಿಗೆ ಬೋರ್ಡು ಓದೋಕಾಗಲ್ಲ. ನನಗೆ ಎಡಗಣ್ಣು ಇನ್ನೂ ಕಾಣ್ತಿದೆ.”

ಮೇಷ್ಟ್ರು ಹಿಗ್ಗಿ ತಮ್ಮ ಲೆಕ್ಕ ತೋರಿಸಿದರು. ಜೊತೆಗೆ ನನ್ನ ಅಳತೆ ಪುಸ್ತಕ. ಕೋಚ್ ಪುಟ ಮಗುಚುತ್ತಾ ಒಂದು ಕಡೆ ಬೆರಳಿಟ್ಟರು. 1972. ‘ಡೆಲ್ರಾಯ್ ಸೈಕ್ಸ್, ಸೊಂಟ 42.’ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ಓಡಿಹೋದ’ ಎಂದು ಬರೆದಿದ್ದೆ. ಬೇಸಿಗೆಯಲ್ಲಿ ಬಂದು, ಅಳತೆ ಕೊಟ್ಟು, ಆಟ ಶುರುವಾಗುವ ಮೊದಲೇ ದೊಡ್ಡ ಯೂನಿವರ್ಸಿಟಿಗೆ ಹೋದ ಹುಡುಗರು. ಅಂಥ ಹೆಸರು ಹದಿನೇಳು.

“ಇದು ಯಾರ ಅಕ್ಷರ?”

“ನಂದು ಕೋಚ್.”

“ಓಡಿಹೋಗಲಿಲ್ಲ ಲುವಿನಿಯಾ. ನನ್ನ ಕಾರಲ್ಲಿ ಹೋದ. ನಾನೇ ಬಿಟ್ಟು ಬಂದೆ.”

ಪುಸ್ತಕ ಬದಿಗಿಟ್ಟು ಮತ್ತೆ ಅವರೆಕಾಯಿ ಸುಲಿಯತೊಡಗಿದರು. ಹದಿನೇಳರಲ್ಲಿ ಹದಿನಾಲ್ಕು ಜನರನ್ನು ಅವರೇ ಕಳಿಸಿದ್ದಂತೆ. ಡೆಲ್ರಾಯ್‌ಗೆ ಇಂಜಿನಿಯರ್ ಆಗುವ ಆಸೆ, ನಮ್ಮಲ್ಲಿ ಆ ಓದು ಇರಲಿಲ್ಲ. ಇನ್ನೊಬ್ಬನ ಮೊಣಕಾಲಿಗೆ ಒಳ್ಳೆಯ ಡಾಕ್ಟರು ಬೇಕಿತ್ತು.

“ನಮ್ಮಜ್ಜ ಆ ಬಾಗಿಲು ತಟ್ಟಿದ್ರು, ನಮ್ಮಪ್ಪ ತಟ್ಟಿದ್ರು. ಕೊನೆಗೂ ತೆರೀತು. ತೆರೆದ ಬಾಗಿಲಿಗೆ ನಾನು ಅಡ್ಡ ನಿಲ್ಲೋದಾ, ಒಂದು ಶನಿವಾರದ ಆಟಕ್ಕೋಸ್ಕರ?”

“ಯಾರಿಗೂ ಹೇಳಲಿಲ್ಲ ನೀವು” ಎಂದೆ.

“ಹೇಳಿದ್ರೆ ಟ್ರಸ್ಟಿಗಳು ಆವತ್ತೇ ಮನೆಗೆ ಕಳಿಸ್ತಿದ್ರು. ಟಿಪ್ಟನ್ ಆಗಿದ್ರೆ ಹಿಡಿದಿಟ್ಕೊಂಡು ಗೆಲ್ತಿದ್ರು. ಅದೂ ತಪ್ಪಲ್ಲ, ಅವರ ಕಾಲದಲ್ಲಿ ಹುಡುಗರಿಗೆ ಬೇರೆ ಮನೆ ಇರಲಿಲ್ಲ. ಸೋತಿದ್ದು ನನಗೇನು ಹಿತ ಅನ್ಕೊಂಡ್ರಾ? ಒಂದೊಂದು ಸೋಲೂ ಹಲ್ಲುನೋವು ಇದ್ದಂಗೆ ಇತ್ತು.” ಆಮೇಲೆ ಪೈ ಕಡೆ ನೋಡಿ, “ಅದನ್ನ ಕೊಯ್ತೀರೋ, ಇಲ್ಲ ಅದಕ್ಕೂ ಸಮಿತಿ ಕೂರಬೇಕೋ?”

ವಾಪಸ್ ಹೊರಟೆವು. ನನ್ನ ಗೇಟಿನ ಹತ್ತಿರ ಮೇಷ್ಟ್ರು ಕೇಳಿದರು, “ಮತ?”

“ಮಾಬ್ರಿ. ನಿಮ್ಮದು ಮತ್ತೆ ತಿರುಗಿದೆಯಾ?”

“ಇಲ್ಲ. ಆದ್ರೆ ನನ್ನ ಲೆಕ್ಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ ಮಿಸ್ ಲುವಿನಿಯಾ.”

ಅಕ್ಟೋಬರ್ 11, ಭಾನುವಾರ

ನಿನ್ನೆ ಸಭೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಒಮ್ಮತ. ಡೀನ್ ನನ್ನ ಕೈ ಕುಲುಕಿದರು, ಆಮೇಲೆ ತಮ್ಮ ಕೈಯನ್ನೇ ಕುಲುಕಿಕೊಂಡರು.

ಅದಕ್ಕಿಂತ ಕಷ್ಟದ್ದು ಇವತ್ತು. ಚರ್ಚಿನಲ್ಲಿ ಸಿಸ್ಟರ್ ಸೈಕ್ಸ್ (ನಮ್ಮ ಚರ್ಚಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಿಸ್ಟರ್), ಡೆಲ್ರಾಯ್‌ನ ತಾಯಿ. ಇಪ್ಪತ್ತಾರು ವರ್ಷ ಆಕೆಗೆ ಬರೀ ತಲೆಯಾಡಿಸಿ ಮುಂದೆ ಹೋಗಿದ್ದೇನೆ. ಮಗ ಕೋಚ್‌ಗೆ ಕೈಕೊಟ್ಟ ಎಂಬ ಸಿಟ್ಟಿಗೆ. ಪ್ರಾರ್ಥನೆ ಮುಗಿದ ಮೇಲೆ ಎದುರಿಗೆ ಹೋಗಿ ನಿಂತು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

ಆಕೆ ಪರ್ಸು ಮುಚ್ಚಿದರು. “ನಾನು ಅನ್ಕೊಂಡಿದ್ದೆ, ನನ್ನ ಟೋಪಿಗಳು ನಿಮಗೆ ಹಿಡಿಸ್ತಿಲ್ಲ ಅಂತ. ಇಪ್ಪತ್ತಾರು ವರ್ಷದಿಂದ ಬದಲಾಯಿಸ್ತಾನೇ ಇದೀನಿ.”

ಚರ್ಚಿನ ಮೆಟ್ಟಿಲ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾದ್ರಿಗಳು ಹೊರಗೆ ಬಂದು ನೋಡಿದರು.

ಮಧ್ಯಾಹ್ನ ಮೇಷ್ಟ್ರು ಬಂದರು. ಹದಿನಾಲ್ಕು ಹೆಸರಿಗೂ ಕಾಗದ ಬರೆಯೋಣ ಎಂದರು. ವಿಳಾಸ ಹುಡುಕುವುದು ಸಿಸ್ಟರ್ ಸೈಕ್ಸ್ ಪಾಲಿಗೆ. ಆ ತಾಯಂದಿರೆಲ್ಲರ ನಂಬರು ಆಕೆಯ ಹತ್ತಿರ ಇದೆಯಂತೆ.

ಅಕ್ಟೋಬರ್ 24, ಶನಿವಾರ, ಸಂಜೆ ಆರು

ಕೂತು ಬರೆಯುತ್ತಿದ್ದೇನೆ, ಕಾಲು ಇನ್ನೂ ಕುಣಿಯುತ್ತಿದೆ.

ಗೆದ್ದೆವು, 31–10. ಅದಿರಲಿ. ಅರ್ಧ ಆಟಕ್ಕೆ ಬ್ಯಾಂಡ್ ನಿಂತಿತು. ಬೋರ್ಡಿನ ಮೇಲಿನ ಬಟ್ಟೆ ಎಳೆದರು. ಮಾಬ್ರಿ ಮೈದಾನ. ಕೋಚ್ ನೇರಳೆ ಕೋಟು ಹಾಕಿದ್ದರು. ಎಡಗಣ್ಣು ಕಿರಿದು ಮಾಡಿ, ತಪ್ಪೇನಾದರೂ ಇದೆಯೋ ಎಂಬಂತೆ ಒಂದೊಂದೇ ಅಕ್ಷರ ಓದಿದರು.

ಆಗ ದಕ್ಷಿಣದ ಗೇಟಿನಿಂದ ನಮ್ಮ ಕಾಗದ ತಲುಪಿದವರು ಬಂದರು. ಬೆಟ್ಟದಂಥ ಗಂಡಸರು. ನರೆತ ಗಡ್ಡ, ಕುಂಟುವ ಕಾಲು. ಒಬ್ಬ ಡಾಕ್ಟರು, ಇಬ್ಬರು ಶಾಲಾ ಶಿಕ್ಷಕರು, ಒಬ್ಬ ಲಾರಿ ಓಡಿಸುವವನು. ಡೆಲ್ರಾಯ್ ಡೆಟ್ರಾಯಿಟ್‌ನಲ್ಲಿ ಸೇತುವೆ ಕಟ್ಟುತ್ತಾನಂತೆ. ಕೇನ್ ಬೆಂಡ್ ಜರ್ಸಿಯಲ್ಲಿ ಒಂದೇ ಒಂದು ಆಟ ಆಡದವರು. ಸ್ಟೇಡಿಯಂ ಗುಸುಗುಸು ಎಂದಿತು, ಯಾರಿವರು? ಮೇಷ್ಟ್ರು ಮೈಕಿನಲ್ಲಿ ಹೇಳಿದರು.  ಆಮೇಲೆ ಎಲ್ಲರೂ ಎದ್ದು ನಿಂತರು, ಮೇಲಿನ ಸಾಲಿನವರೆಗೆ.

ಕೋಚ್ ಅವರ ಮುಂದೆ ನಡೆದರು, ಹಿಂದೆ ಅಭ್ಯಾಸದ ಹೊತ್ತಿನಲ್ಲಿ ನಡೆಯುತ್ತಿದ್ದ ಹಾಗೆಯೇ. ಒಬ್ಬನ ಹೊಟ್ಟೆಗೆ ತಿವಿದರು. ಡೆಲ್ರಾಯ್ ಅಳುತ್ತಿದ್ದ, ಅವನ ಟೈ ಸರಿಮಾಡಿದರು. ಮೈಕ್ ಕೊಟ್ಟರೆ ಮೊದಲು ಬೆರಳು ಮಡಚಿ ಎಣಿಸಿದರು.

“ಒಂಬತ್ತೇ ಜನ ಇದೀರಿ. ಹನ್ನೊಂದಿಲ್ಲದೆ ತಂಡ ಆಗಲ್ಲ. ಬ್ರೂಮ್‌ಫೀಲ್ಡ್, ಬಾ ಇಲ್ಲಿ, ಬೆಂಚು ಕಾಯ್ದಿದ್ದು ಸಾಕು. ಲುವಿನಿಯಾ, ಏಳನೇ ಸಾಲಿಂದ ಇಳಿ.”

ಮೂವತ್ತೈದು ವರ್ಷ ಆ ಮೈದಾನದ ಮಣ್ಣನ್ನು ತಿಕ್ಕಿ ತೆಗೆದಿದ್ದೇನೆ. ಆಟದ ದಿನ ಒಮ್ಮೆಯೂ ಅದರ ಮೇಲೆ ಕಾಲಿಟ್ಟವಳಲ್ಲ. ಇಳಿದೆ. ಮೇಷ್ಟ್ರು ಕೈ ಹಿಡಿದುಕೊಂಡರು.  ಸಾಲಿನ ತುದಿಯಲ್ಲಿ ನಿಂತೆವು, ಡೆಲ್ರಾಯ್‌ನ ನೆರಳಿನಲ್ಲಿ. ಬ್ಯಾಂಡ್ ಮತ್ತೆ ಶುರುವಾಯಿತು. ಎಷ್ಟು ಹೊತ್ತಾದರೂ ಮೇಷ್ಟ್ರು ಕೈ ಬಿಡಲಿಲ್ಲ. ನಾನೂ ನೆನಪಿಸಲಿಲ್ಲ.

ಅಕ್ಟೋಬರ್ 25, ಭಾನುವಾರ, ಬೆಳಿಗ್ಗೆ

ಮೊಣಕಾಲು ಊದಿದೆ. ಪರವಾಗಿಲ್ಲ. ಚರ್ಚಿಗೆ ಕರೆದೊಯ್ಯಲು ಸಿಸ್ಟರ್ ಸೈಕ್ಸ್ ಬಂದಿದ್ದಾರೆ, ಹೊಸ ಟೋಪಿ. ಅದರ ಮೇಲೆ ಹಕ್ಕಿ. ಮೇಷ್ಟ್ರು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ, ಈಗಿನ ಹೊಸ ಕೋಚ್‌ನನ್ನು ಟಿಪ್ಟನ್ ಜೊತೆ ಹೋಲಿಸುವುದು ಕಿಟಕಿಯವರೆಗೆ ಕೇಳುತ್ತಿದೆ. ಡೆಲ್ರಾಯ್ ಮಾತ್ರ ಕಾರಿನಿಂದ ಇಳಿಯಲು ಒಪ್ಪುತ್ತಿಲ್ಲ. ಬಗ್ಗಿದಾಗ ಪ್ಯಾಂಟಿನ ಹಿಂದೆ ಹೊಲಿಗೆ ಬಿಟ್ಟಿತಂತೆ. ಒಳಗೆ ಬಾರೋ ಮಗು ಎಂದರೆ ನಾಚಿಕೆ. ಕಪ್ಪು ದಾರ ಸಿಕ್ಕಿತು, ಸೂಜಿ ಎಲ್ಲಿ ಇಟ್ಟೆ...