ಸುರಗಿಯಲ್ಲಿ ತಾಯಿಯ ಜಾಗ

ಗಾಜಿಪುರ, ಕಲಬುರ್ಗಿ
೧೮-೪-೧೯೫೩

ಪ್ರೀತಿಯ ಗೆಳತಿ ಲಲಿತಾಬಾಯಿಗೆ,

ಭಾಗಮ್ಮನ ಶರಣಾರ್ಥಿಗಳು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ಸೊಲ್ಲಾಪುರದಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ಬಯ್ಯುವುದನ್ನೆಲ್ಲ ಮದುವೆಗೆ ಬಂದಾಗ ಬಯ್ಯಿ. ಹೌದು, ನಮ್ಮ ನೀಲಾಳ ಲಗ್ನ ನಿಶ್ಚಯವಾಗಿದೆ. ಗಂಡು ಕಮಲಾಪುರದ ಸೂಗಪ್ಪನವರ ಮಗ. ಕೆಂಪು ಬಾಳೆಯ ತೋಟವಿದೆ, ಹುಡುಗ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಬಸವ ಜಯಂತಿಯ ಮರುವಾರ ಕಮಲಾಪುರದಲ್ಲೇ ಮದುವೆ.

ನನ್ನ ಆರೋಗ್ಯ ಕೇಳಿದ್ದೀ. ಹೈದರಾಬಾದಿನಲ್ಲಿ ಗರ್ಭಚೀಲ, ಅಂಡಾಶಯ ಎಲ್ಲ ತೆಗೆದ ಮೇಲೆ ಹಾರ್ಮೋನ್ ಗುಳಿಗೆ ಕೊಟ್ಟಿದ್ದರಲ್ಲ, ಅದರಿಂದ ಮೈಯ ಉರಿ ಇಳಿದಿತ್ತು, ನಿದ್ದೆಯೂ ಬರುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಬರುತ್ತಿದ್ದ ಮೂರ್ಛೆ ಮೇಲಿಂದ ಮೇಲೆ ಬರತೊಡಗಿತು. ದೀಪಾವಳಿಯಲ್ಲಿ ಆರತಿ ತಟ್ಟೆ ಹಿಡಿದವಳು ಹಾಗೇ ಬಿದ್ದೆ. ಯಾರೋ ಮೂಗಿಗೆ ಚಪ್ಪಲಿ ಹಿಡಿದರು. ರಜಾಕಾರರ ಗಡಿಬಿಡಿಯ ವರ್ಷ ಊರು ಬಿಟ್ಟು ಸೊಲ್ಲಾಪುರದ ಧರ್ಮಶಾಲೆಯಲ್ಲಿದ್ದಾಗ ನಾನು ಮೊದಲ ಸಲ ಬಿದ್ದೆನಲ್ಲ, ಆಗ ಹಾಗೆ ಹಿಡಿದವರ ಚಪ್ಪಲಿ ಕಸಿದು ಎಸೆದವಳು ನೀನು. ಇಲ್ಲಿ ಎಸೆಯುವವರು ಯಾರೂ ಇರಲಿಲ್ಲ.

ಸ್ಟೇಶನ್ ಬಜಾರದ ಖಮರುದ್ದೀನ್ ಡಾಕ್ಟರರು ಎಲ್ಲವನ್ನೂ ಕೇಳಿ, ಹಾರ್ಮೋನ್ ಗುಳಿಗೆ ಕೆಲವರಿಗೆ ಮೂರ್ಛೆ ಹೆಚ್ಚಿಸುತ್ತದೆ ಎಂದರು. "ಇದನ್ನ ಸಾವಕಾಶ ಕಮ್ಮಿ ಮಾಡಿ ಬಿಡ್ರಿ ಬಾಯಿ. ಮೂರ್ಛೆ ಗುಳಗಿ ಮಾತ್ರ ಒಂದಿನಾನೂ ತಪ್ಪಸಬ್ಯಾಡ್ರಿ. ತಕಲೀಫ್ ಆಗ್ತದ, ನಾ ಸುಳ್ಳು ಹೇಳಂಗಿಲ್ಲ."

ಸುಳ್ಳು ಹೇಳಲಿಲ್ಲ ಪುಣ್ಯಾತ್ಮ. ಕಲಬುರ್ಗಿಯ ಬಿಸಿಲು ಸಾಲದೆಂದು ಮೈಯೊಳಗೇ ಒಂದು ಬೇಸಿಗೆ ಶುರುವಾಯಿತು. ಕುಪ್ಪಸ ತೊಯ್ದು ತೊಪ್ಪೆಯಾಗುತ್ತದೆ, ಕೀಲುಗಳು ನೋಯುತ್ತವೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇವರು ಅಂದದ್ದಕ್ಕೆ ದಿನವಿಡೀ ಮಾತು ಬಿಟ್ಟೆ. ಪಾಪ, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂಡುತ್ತಾರೆ. ಬೇಕಾದರೆ ಮತ್ತೆ ಆ ಹಾರ್ಮೋನ್ ಗುಳಿಗೆ ತೆಗೆದುಕೋ, ನಿನ್ನ ಈ ಪಾಡು ನೋಡಲಾಗದು ಎನ್ನುತ್ತಾರೆ. ನಾನು ಒಪ್ಪಲಿಲ್ಲ.

ಯಾಕೆಂದರೆ ಸುರಗಿ. ನಿಮ್ಮ ಕಡೆಯೂ ಇದೆಯಲ್ಲ, ಸುತ್ತ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ಒಳಗೆ ಮದುಮಗಳ ಜೊತೆ ತಾಯಿ ಕೂಡಬೇಕು, ಮುತ್ತೈದೆಯರು ನೀರೆರೆಯಬೇಕು. ಬೀಗರೆಲ್ಲರ ಎದುರು ಆ ನೂಲಿನೊಳಗೆ ಬಿದ್ದುಬಿಟ್ಟರೆ ಎಂಬುದೊಂದೇ ನನ್ನ ಭಯ. ಬಚ್ಚಿಡುವುದು ಬೇಡವೆಂದು ಇವರು ಸೂಗಪ್ಪನವರಿಗೆ ಎಲ್ಲ ಹೇಳಿದರು. ಪೊಲೀಸ್ ಆಕ್ಷನ್ನಿಗೆ ಮುಂಚೆ ಕಂಡದ್ದನ್ನು ನೆನೆದರೆ ಯಾರ ತಲೆ ತಾನೇ ನೆಟ್ಟಗಿದ್ದೀತು, ತಾಯಿ ಬಂದು ಕೂಡಲಿ, ಬಿದ್ದರೆ ಎತ್ತಲು ನಾವಿದ್ದೇವೆ ಎಂದರಂತೆ. ಕೇಳಿ ನನ್ನ ಕಣ್ಣು ತುಂಬಿತು. ಶಿವರಾತ್ರಿಯಿಂದ ಈಚೆಗೆ ಒಮ್ಮೆಯೂ ಬಿದ್ದಿಲ್ಲ, ಲಲಿತಾ. ಮೈ ಉರಿಯಲಿ, ನಿದ್ದೆ ಹೋಗಲಿ, ನನ್ನ ನೀಲಾಳ ಪಕ್ಕ ಕೂಡಬೇಕು ಅಂತ ಹಟ ಹಿಡಿದೆ.

ನೀನು ನಾಲ್ಕು ದಿನ ಮುಂಚೆಯೇ ಬಾ, ನೆವ ಹೇಳಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ಶರಣಬಸಪ್ಪ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ಭಾಗಮ್ಮ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಸುರಗಿಯಲ್ಲಿ ನನ್ನ ನೆಗೆಣ್ಣಿ ಕಾಶಮ್ಮ ಕೂಡುತ್ತಾಳೆ. ಬೀಗರು ಕೇಳಿದ್ದಲ್ಲ, ಇವರು ಹೇಳಿದ್ದೂ ಅಲ್ಲ. ಮೊನ್ನೆ ನನ್ನ ತಲೆ ಬಾಚುತ್ತ ನೀಲಾ ತಾನೇ ಅಂದಳು. "ಅವ್ವಾ, ನೀ ಬರಬ್ಯಾಡ ಅನ್ನಂಗಿಲ್ಲ ನಾ. ಸುರಗ್ಯಾಗ ಕಾಕಿ ಕೂಡ್ಲಿ, ನೀ ಮನಿ ಒಳಗ ಇರು. ಬಿದ್ದಾಗಿನ ನಿನ್ನ ಮಾರಿ ನೋಡೀನಿ. ಅವತ್ತ ಅದು ನನಗ ನೆನಪಾಗಬಾರ್ದು." ಹೂಂ ಎಂದೆ. ಇವರಿಗೆ ಇನ್ನೂ ಹೇಳಿಲ್ಲ. ಈಗ ಆ ಗುಳಿಗೆ ಮತ್ತೆ ತೆಗೆದುಕೊಂಡರೂ ನಡೆದೀತು. ಬಿದ್ದರೆ ಒಳಗೇ ಬೀಳುತ್ತೇನೆ.